ಹದಿಮೂರನೆಯ ತುಂಡಿನ ಕೋನ

ಅಂಕಿ ಕೊರೆದ ಯಾವ ಉಪಕರಣವನ್ನೂ ಎಸ್ಕಿಲ್ಡ್ ನಂಬುತ್ತಿರಲಿಲ್ಲ. ಉಷ್ಣಮಾಪಕ ಸೊನ್ನೆ ತೋರಿಸಿದರೆ ಅಂಗಳಕ್ಕೆ ಹೋಗಿ ಬಕೆಟ್ಟಿನ ನೀರಿಗೆ ಬೆರಳದ್ದಿ ನೋಡುತ್ತಿದ್ದ. ಗರಗಸದ ಯಂತ್ರದ ಮೇಲೆ ಕಾರ್ಖಾನೆಯವರು ಅಷ್ಟು ಮುತುವರ್ಜಿಯಿಂದ ಕೆತ್ತಿ ಕಳಿಸಿದ್ದ ಡಿಗ್ರಿಗಳ ಸಾಲಿಗಂತೂ ಕಪ್ಪು ಟೇಪು ಅಂಟಿಸಿಬಿಟ್ಟಿದ್ದ. ಮರ ಕಡೆಯುವ ಲೇತ್ ಯಂತ್ರಕ್ಕೆ ಸಿಕ್ಕದಿರಲೆಂದು ಮೊಣಕೈವರೆಗೆ ತೋಳು ಕತ್ತರಿಸಿದ ಕಂದು ಉಣ್ಣೆಯ ಕೋಟೊಂದಿತ್ತು, ಇಗರ್ಜಿಗೂ ಅದೇ. ಒಂದು ಭುಜ ಮುಂದಿಟ್ಟು, ಇಕ್ಕಟ್ಟಾದ ಬಾಗಿಲಲ್ಲಿ ನುಸುಳುವವನಂತೆ ನಡೆಯುತ್ತಿದ್ದ. ಇಷ್ಟು ಕರಾರುವಾಕ್ಕಾದ ಮನುಷ್ಯನ ಬಾಯಲ್ಲಿ ಸದಾ ಇರುತ್ತಿದ್ದ ಮಾತು ಮಾತ್ರ 'ಹೆಚ್ಚುಕಡಿಮೆ'.

ಅವನ ವಿದ್ಯೆ ತುಂಡು ಜೋಡಿಸಿ ಬಟ್ಟಲು ಕಡೆಯುವುದು. ಹನ್ನೆರಡು ಮರದ ತುಂಡುಗಳ ಎರಡೂ ತುದಿಗಳನ್ನು ಹದಿನೈದು ಡಿಗ್ರಿಗೆ ಕೊಯ್ದು ಅಂಟಿಸಿದರೆ ಒಂದು ಬಳೆ. ಬಳೆಯ ಮೇಲೆ ಬಳೆ ಕೂರಿಸಿ ಲೇತಿಗೆ ಕೊಟ್ಟರೆ ಬಟ್ಟಲು. ಒಂದು ತುದಿಯಲ್ಲಿ ಕೂದಲೆಳೆಯಷ್ಟು ತಪ್ಪಿದರೂ ಅದು ಇಪ್ಪತ್ನಾಲ್ಕು ತುದಿಗಳಲ್ಲಿ ಕೂಡುತ್ತಾ ಬಂದು ಕೊನೆಯ ಸಂದಿಯಲ್ಲಿ ಬಾಯಿ ತೆರೆಯುತ್ತದೆ. ಎಸ್ಕಿಲ್ಡನ ಬಟ್ಟಲುಗಳಲ್ಲಿ ಅಂಥ ಬಾಯನ್ನು ಯಾರೂ ಕಂಡಿರಲಿಲ್ಲ.

ನಮ್ಮ ದ್ವೀಪದ ಸಭಾಮನೆಗೆ ನೂರು ತುಂಬಿದ ವರ್ಷ, ಸುಗ್ಗಿಯೂಟದ ಮೇಜಿಗೆ ಊರೆಲ್ಲರ ಮರದಿಂದ ಒಂದು ಬಟ್ಟಲು ಮಾಡಿಸುವುದೆಂದು ತೀರ್ಮಾನವಾಯಿತು. ಸಮಿತಿಯ ಮುಖ್ಯಸ್ಥ ಪ್ರೆಬೆನ್ ಮನೆ ಮನೆ ಸುತ್ತಿ ಹನ್ನೆರಡು ತುಂಡು ತಂದ. ಎಸ್ಕಿಲ್ಡನ ಮನೆಯ ಪೇರುಮರದ್ದೂ ಅದರಲ್ಲಿತ್ತು. ದ್ವೀಪದಲ್ಲಿದ್ದ ಮನೆಗಳು ಹದಿಮೂರು. ಬಿಟ್ಟದ್ದು ಮಾರೆನಳದ್ದು. ಹನ್ನೊಂದು ವರ್ಷದ ಹಿಂದೆ ಊರ ಸಭೆಯಲ್ಲಿ, ದ್ವೀಪಕ್ಕೆ ಸೇತುವೆ ಬೇಕೆಂದು ಕೈಯೆತ್ತಿದವಳು ಅವಳೊಬ್ಬಳೇ. ಅಂದಿನಿಂದ ಅವಳ ಮೇಜಿನಲ್ಲಿ ಯಾರೂ ಕಾಫಿ ಕುಡಿದಿರಲಿಲ್ಲ. ಅವಳು ಎದುರಾದರೆ ಎಸ್ಕಿಲ್ಡ್ ರಸ್ತೆ ದಾಟುತ್ತಿದ್ದ, ಅವನ ಪಕ್ಕದ ಮನೆಯ ನಾನೂ ಅಷ್ಟೆ.

ಸುಗ್ಗಿಯೂಟಕ್ಕೆ ಎರಡೂವರೆ ವಾರವಿದ್ದಾಗ ಮಾರೆನ್ ತಾನಾಗಿಯೇ ಎಸ್ಕಿಲ್ಡನ ಕಾರ್ಯಾಗಾರಕ್ಕೆ ಬಂದಳು. ಪ್ರೆಬೆನನೂ ನಾನೂ ಅಲ್ಲೇ ಇದ್ದೆವು. ತೀರಿಹೋದ ಗಂಡನ ದೋಣಿಯ ಹುಟ್ಟಿನ ತುಂಡೊಂದು ಕೈಯಲ್ಲಿತ್ತು.

"ಎಲ್ಲರ ಮನೆಗೂ ಹೋಗಿದ್ಯಂತೆ ಪ್ರೆಬೆನ್. ನಮ್ಮನೆ ಬಾಗ್ಲು ಕಣ್ಣಿಗೆ ಬೀಳ್ಲಿಲ್ವ?"

"ಈಗ ತಡ ಆಯ್ತಲ್ಲಮ್ಮ, ಎಲ್ಲಾ ಹನ್ನೆರಡಕ್ಕೆ ಅಂತ ತೀರ್ಮಾನ ಆಗೋಗಿದೆ," ಎಂದ ಪ್ರೆಬೆನ್. "ಬೇಕಾದ್ರೆ ತಳಕ್ಕೆ ಹಾಕ್ಸೋಣ ಬಿಡು."

"ತಳ ಯಾರಿಗಪ್ಪ ಕಾಣುತ್ತೆ?"

ಎಸ್ಕಿಲ್ಡ್ ತುಂಡನ್ನು ತೆಗೆದುಕೊಂಡು ತಿರುಗಿಸಿ ನೋಡಿದ. "ಆಶ್ ಮರ. ಒಣಗಿದೆ, ಹೆಚ್ಚುಕಡಿಮೆ. ಬಿಟ್ಟು ಹೋಗು." ಹನ್ನೊಂದು ವರ್ಷದಲ್ಲಿ ಅವಳಿಗೆ ಅವನಾಡಿದ ಮೊದಲ ಮಾತು ಅದು.

ಅವಳು ಹೋದ ಮೇಲೆ ಪ್ರೆಬೆನ್ ರೇಗಿದ. "ಹದಿಮೂರಕ್ಕೆ ಎಷ್ಟಯ್ಯ ಡಿಗ್ರಿ?"

"ಹದಿಮೂರು ಮುಕ್ಕಾಲು ದಾಟುತ್ತೆ, ಹದಿನಾಲ್ಕು ಮುಟ್ಟಲ್ಲ. ಭಾಗಿಸ್ತಾ ಹೋದ್ರೆ ಮುಗಿಯೋದೇ ಇಲ್ಲ."

"ಮುಗೀದೇ ಇರೋದನ್ನ ಹೆಂಗೆ ಕೊಯ್ತೀಯ? ಒಂದೊಂದು ಮನೇದೂ ಒಂದೊಂದೇ ತುಂಡು. ಕೆಟ್ರೆ ಊರಿಗೂರೇ ನಿನ್ನ ಹುರಿದು ತಿನ್ನುತ್ತೆ, ತಿಳ್ಕೊ."

ಪ್ರೆಬೆನ್ ಹೊರಟ ಮೇಲೆ ಎಸ್ಕಿಲ್ಡ್ ನನ್ನ ಮುಖ ನೋಡದೆ ಹೇಳಿದ: "ನನ್ನ ಸಂದಿ ಹೊಗಳ್ತೀರಲ್ಲ, ಅದು ಕೋನದ ಗುಣ ಅಲ್ಲ ಮಾರಾಯ. ಆರಾರು ತುಂಡು ಅಂಟಿಸಿ ಎರಡು ಅರ್ಧ ಬಳೆ ಮಾಡ್ತೀನಿ. ಅವುಗಳ ತುದೀನ ಉಪ್ಪುಕಾಗದಕ್ಕೆ ಉಜ್ಜಿ ನೇರ ಮಾಡಿ ಕೂಡಿಸ್ತೀನಿ. ತಪ್ಪೆಲ್ಲ ಪುಡಿಯಾಗಿ ನೆಲಕ್ಕೆ ಬೀಳುತ್ತೆ. ಮೂವತ್ತು ವರ್ಷ ಹಿಂಗೇ ನಡೀತು. ಹದಿಮೂರಕ್ಕೆ ಸರಿ ಅರ್ಧ ಎಲ್ಲಿಂದ ತರ್ಲಿ?"

ಈ ಮಾತು ಕೇಳಿದ ಮೇಲೆ ಅವನ ಮೇಲಿದ್ದ ನನ್ನ ಗೌರವ ಇಮ್ಮಡಿಯಾಯಿತೆಂದೇ ಹೇಳಬೇಕು. ನೆಲದ ಮೇಲೆ ಒಂದು ಮೀಟರು ಉದ್ದಕ್ಕೆ, ಇನ್ನೂರ ನಲವತ್ತಾರೂವರೆ ಮಿಲಿಮೀಟರು ಅಡ್ಡಕ್ಕೆ ಗೆರೆ ಎಳೆದು, ಹದಿಮೂರಕ್ಕೆ ಬೇಕಾದ ಆ ಓರೆಯನ್ನು ಗರಗಸಕ್ಕೆ ತುಂಡು ತಳ್ಳುವ ಹಲಗೆಯ ಪಟ್ಟಿಗೆ ಇಳಿಸಿ, ಆ ಅಳತೆಯನ್ನೂ ನಂಬದೆ, ಪೈನ್ ಮರದ ಚೂರುಗಳಲ್ಲಿ ಮೊದಲ ಬಳೆ ಕೊಯ್ದು ಕಿಟಕಿಗೆ ಹಿಡಿದ. ಕೊನೆಯ ಸಂದಿಯಲ್ಲಿ ಬೆಂಕಿಕಡ್ಡಿಯಷ್ಟು ದಪ್ಪದ ಬೆಳಕು. ಓರೆ ಕೂದಲೆಳೆಯಷ್ಟು ಸರಿಯಲೆಂದು ಹಲಗೆಯ ಪಟ್ಟಿಯ ಹಿಂದೆ ರಟ್ಟು ಸಿಕ್ಕಿಸಿದ, ಮರುದಿನ ರಟ್ಟು ತೆಗೆದು ವರ್ತಮಾನಪತ್ರಿಕೆಯ ಚೂರು ಸಿಕ್ಕಿಸಿದ. ಆರನೆಯ ಬಳೆ ಕಾರಣವೇ ತಿಳಿಯದೆ ಮತ್ತೆ ಬಾಯಿಬಿಟ್ಟಿತು. ಅರ್ಧ ದಿನ ಹುಡುಕಿದ ಮೇಲೆ, ತುಂಡನ್ನು ತಡೆಯುವ ಗೂಟಕ್ಕೆ ಮರದ ಪುಡಿ ಮೆತ್ತಿಕೊಂಡಿದ್ದುದು ಕಂಡಿತು. ಅಂದಿನಿಂದ ಪ್ರತಿ ಕೊಯ್ತಕ್ಕೂ ಮುಂಚೆ ಬಾತಿನ ಗರಿಯಿಂದ ಗೂಟ ಗುಡಿಸುವ ಕೆಲಸ ನನ್ನದಾಯಿತು. ಒಂಬತ್ತು ಬಳೆ ಒಲೆಗೆ ಹೋದವು. ಹತ್ತನೆಯದರಲ್ಲಿ ಬೆಳಕು ಕಾಣಲಿಲ್ಲ.

ಆಮೇಲೆ ಹನ್ನೆರಡು ಮನೆಗಳ ತುಂಡುಗಳನ್ನು ಒಂದೇ ಉಸಿರಿಗೆ ಕೊಯ್ದ. ಹುಟ್ಟಿನ ತುಂಡೊಂದು ಉಳಿಯಿತು. ಅದನ್ನು ಮುಟ್ಟದೆ, ಕೋಟಿನ ಪುಡಿ ಕೊಡವಿಕೊಂಡು, ರಸ್ತೆ ದಾಟಿ, ಈ ಸಲ ಅವಳ ಮನೆಯ ಕಡೆಗೇ ದಾಟಿ, ಮಾರೆನಳ ಬಾಗಿಲು ತಟ್ಟಿದ. ಹಿಟ್ಟಿನ ಕೈಯಲ್ಲೇ ಅವಳು ಅವನ ಹಿಂದೆ ಕಾರ್ಯಾಗಾರಕ್ಕೆ ಬಂದಳು. ಹುಟ್ಟಿನ ತುಂಡನ್ನು ಅವಳ ಕಣ್ಣೆದುರಿಗೆ ಕೊಯ್ದು ಕೈಗಿಟ್ಟ.

"ನೀನೇ ಕೂರ್ಸು. ಒತ್ತಬೇಡ. ಒತ್ತಿದ್ರೆ ನನ್ನ ತಪ್ಪು ಮುಚ್ಚಿಹೋಗುತ್ತೆ."

ಎರಡೇ ಬೆರಳಲ್ಲಿ ಅವಳು ತುಂಡನ್ನು ಇಳಿಸಿದಳು. ಅದು ಹೋಗಿ ಕೂತಿತು. ಹೆಬ್ಬೆರಳಿಂದ ಸಂದಿಯನ್ನು ಸವರಿ ನೋಡಿದಳು, ಸಂದಿ ಎಲ್ಲಿದೆಯೆಂದು ಬೆರಳಿಗೆ ತಿಳಿಯಲಿಲ್ಲ.

"ಹನ್ನೊಂದು ವರ್ಷ ತಡ ಮಾಡ್ದೆ ಎಸ್ಕಿಲ್ಡ್," ಎಂದಳು.

"ಹೌದು," ಎಂದ.

ಇಂಥವರು ಊರಿಗೊಬ್ಬರಾದರೂ ಇರುತ್ತಾರೆ. ಕ್ಷಮೆ ಕೇಳೆಂದರೆ ನಾಲಗೆ ಏಳುವುದಿಲ್ಲ, ಕೈ ಮಾತ್ರ ಎರಡು ವಾರ ದುಡಿಯುತ್ತದೆ. ಹೊರಗುಳಿದವರನ್ನು ಒಳಗೆ ಕರೆಯುವುದೆಂದರೆ ಇನ್ನೊಂದು ಕುರ್ಚಿ ಹಾಕುವುದೆಂದು ನಮ್ಮಂಥವರು ತಿಳಿದಿರುತ್ತೇವೆ. ಒಬ್ಬರು ಬಂದು ಸೇರಬೇಕಾದರೆ ಮೊದಲಿದ್ದ ಹನ್ನೆರಡು ತುಂಡುಗಳೂ ಒಂದಿಷ್ಟು ಕಿರಿದಾಗಬೇಕು, ತಮ್ಮದೂ ಸೇರಿ, ಎಂಬುದನ್ನು ಇಂಥವರು ಗರಗಸ ಹಿಡಿದು ಬಲ್ಲರು.