ಬೋರಲು ಬಿದ್ದ ಮಂಕರಿ

ನಾನು ಒಂದು ಮಂಕರಿ. ಬಿದಿರಿನ ದೊಡ್ಡ ಬುಟ್ಟಿ ಎಂದರೂ ನಡೆಯುತ್ತದೆ. ಆದರೆ ಬುಟ್ಟಿ ಎಂದರೆ ಜನ ಬಾಯಿ ಮೇಲೆ ಮಾಡಿ ಕೂತದ್ದನ್ನು ನೆನೆಸಿಕೊಳ್ಳುತ್ತಾರೆ. ನಾನು ಬಾಳಿದ್ದೆಲ್ಲ ಬೋರಲಾಗಿ.

ನಂಜನಗೂಡಿನ ಮೇದರ ಮನೆಯೊಂದರ ಜಗಲಿಯಲ್ಲಿ ಹುಟ್ಟಿದೆ. ನನ್ನನ್ನು ಹೆಣೆದ ಮುದುಕ ಹಸಿ ಬಿದಿರನ್ನು ಸೀಳಿ, ಕಾಲ ಹೆಬ್ಬೆರಳಲ್ಲಿ ಒತ್ತಿ ಹಿಡಿದು, ಬೆಳಗಿನಿಂದ ಊಟದ ಹೊತ್ತಿನೊಳಗೆ ಮುಗಿಸಿಬಿಟ್ಟ. ನನ್ನ ಜೊತೆ ಹುಟ್ಟಿದ ಒಂದು ಬುಟ್ಟಿ ಮದುವೆ ಮನೆಗೆ ಹೋಯಿತು, ಇನ್ನೊಂದು ಹೂವಿನ ಅಂಗಡಿಗೆ. ನನ್ನನ್ನು ಕೊಂಡವಳು ಪುಟ್ಟತಾಯಮ್ಮ. ಬಸ್ಸಿನ ಮೇಲೆ ಹಾಕಿಸಿಕೊಂಡು ಊರಿಗೆ ತಂದಳು, ಹಿತ್ತಿಲಿಗೆ ಒಯ್ದಳು, ತಲೆಕೆಳಗು ಮಾಡಿ ಒಂದು ಕೋಳಿಯ ಮೇಲೆ ಕವುಚಿದಳು. ನೆತ್ತಿಯ ಮೇಲೆ ಒಂದು ಗುಂಡುಕಲ್ಲು ಬೇರೆ. ನನಗೆ ಅವಮಾನವಾಯಿತು, ಸುಳ್ಳು ಹೇಳುವುದಿಲ್ಲ.

ನನ್ನ ಕೆಲಸ ಇಷ್ಟು. ಬೆಳಿಗ್ಗೆ ಗೂಡು ತೆಗೆಯುವಾಗ ಪುಟ್ಟತಾಯಮ್ಮ ಹೇಂಟೆಗಳನ್ನು ಒಂದೊಂದಾಗಿ ಹಿಡಿದು, ಬಾಲದ ಕೆಳಗೆ ಬೆರಳಿಟ್ಟು ನೋಡುತ್ತಿದ್ದಳು. ಗಟ್ಟಿಯಾಗಿ ಸಿಕ್ಕಿದರೆ ಅವತ್ತು ಅದು ಮೊಟ್ಟೆ ಇಡುತ್ತದೆ ಎಂದರ್ಥ. ಬಿಟ್ಟರೆ ಯಾರದೋ ಹುಲ್ಲಿನ ಮೆದೆಯಲ್ಲಿ ಇಟ್ಟು ಬರುತ್ತದೆ. ಅದಕ್ಕೇ ಅಂಥದ್ದನ್ನು ನನ್ನೊಳಗೆ ಕೂಡಿ, ಕಲ್ಲು ಹೇರಿ, ಉಳಿದವನ್ನು ಹಿತ್ತಿಲಲ್ಲಿ ಬಿಡುತ್ತಿದ್ದಳು. ಅವಳ ಬೆರಳು ತಪ್ಪಿದ್ದನ್ನು ನಾನು ಕಂಡಿಲ್ಲ. ಹದಿನಾಲ್ಕು ಹೇಂಟೆ, ಒಂದು ಹುಂಜ. ಬೋಳು ಕತ್ತಿನ ಹೇಂಟೆಯೊಂದಿತ್ತು, ನೋಡಲು ಕುರೂಪ. ಅವಳಿಗೆ ಅದರ ಮೇಲೇ ಪ್ರಾಣ. ಅಂಗೈಯಲ್ಲಿ ರಾಗಿ ಹಿಡಿದು ಅದಕ್ಕೊಂದಕ್ಕೇ ತಿನ್ನಿಸುತ್ತಿದ್ದಳು.

ಮೈಸೂರಿನಿಂದ ಸೊಸೆ ಬಂದಳು. ಸುಧಾಮಣಿ. ಅವಳು ಕಂಡ ಕೋಳಿಯೆಲ್ಲ ಅಂಗಡಿಯ ಫಾರಂ ಕೋಳಿ. ಅತ್ತೆಯ ಬೆರಳಿನ ಕೆಲಸ ನೋಡಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಒಳಗೆ ಓಡಿದಳು. ಪುಟ್ಟತಾಯಮ್ಮ, ಪೇಟೆಯ ಕೈಗೆ ಇದು ಒಗ್ಗುವುದಿಲ್ಲ ಬಿಡು ಎಂದಳು. ಆ ಮಾತು ಸೊಸೆಗೆ ಚುಚ್ಚಿತು. ಗೋಡೆಗೆ ಒರಗಿದ್ದ ನನಗೆ ಅವಳ ಮುಖ ಕಂಡಿತ್ತು.

ವರ್ಷ ತುಂಬುವ ಮೊದಲು ಅತ್ತೆ ತಂಗಿಯ ಮನೆಗೆ ಎರಡು ದಿನ ಹೊರಟಳು. ಹೋಗುವಾಗ ಕಲ್ಲು ಮರೆಯಬೇಡ, ತಡಿಕೆ ಹಾಕು ಎಂದು ಹತ್ತು ಸಲ ಹೇಳಿದಳು. ತಡಿಕೆ ಎಂದರೆ ಹಿತ್ತಿಲ ಬಾಗಿಲಿಗೆ ಕಟ್ಟಿದ ಬಿದಿರ ಅಡ್ಡಗಟ್ಟು, ನನಗೆ ದೂರದ ನೆಂಟ.

ಮರುದಿನ ಬೆಳಿಗ್ಗೆ ಸುಧಾಮಣಿ ಕಣ್ಣು ಮುಚ್ಚಿಕೊಂಡು ಬೆರಳಿಟ್ಟು ನೋಡಿದಳು. ಹನ್ನೆರಡು ಹೇಂಟೆಗಳಲ್ಲಿ ಏನೂ ತಿಳಿಯಲಿಲ್ಲವಂತೆ. ಕಂದು ಹೇಂಟೆಯೊಂದರಲ್ಲಿ ಮೊಟ್ಟೆಯಿದೆ ಎನ್ನಿಸಿತು. ಎಷ್ಟು ಸಂತೋಷಪಟ್ಟಳೆಂದರೆ, ಅದನ್ನು ನನ್ನಡಿ ಕೂಡಿ, ಕಲ್ಲಿಟ್ಟು, ಉಳಿದೊಂದನ್ನು ನೋಡುವುದನ್ನೇ ಬಿಟ್ಟಳು. ಕ್ಯಾನು ಎತ್ತಿಕೊಂಡು ಕುಡಿಯುವ ನೀರಿಗೆ ಹೋದಳು. ತಡಿಕೆ ಹಾಕಲಿಲ್ಲ.

ನಾಲ್ಕು ಬೀದಿನಾಯಿಗಳು ಬಂದವು. ಮೂರು ಕಡೆ ಗೋಡೆ, ಬಾಗಿಲಲ್ಲಿ ನಾಯಿ. ಕೋಳಿಗಳು ಎಲ್ಲಿಗೆ ಹೋಗಬೇಕು? ಹುಂಜ ಒಂದು ಸಲ ಎದುರು ನಿಂತಿತು, ಅಷ್ಟೇ. ಒಂದು ನಾಯಿ ನನ್ನ ಅಂಚನ್ನು ಕಚ್ಚಿ ಎಳೆಯಿತು, ಎರಡು ಸೀಳು ಮುರಿದವು. ಕಲ್ಲು ಅಲ್ಲಾಡಲಿಲ್ಲ. ನನ್ನೊಳಗೆ ಕಂದು ಹೇಂಟೆ ನೆಲಕ್ಕೆ ಅಂಟಿಕೊಂಡು ನಡುಗುತ್ತಿತ್ತು. ನಾನು ಹೆದರಿದ್ದೆ. ಮತ್ತೆಂದೂ ಆ ಕಲ್ಲನ್ನು ಬೈದಿಲ್ಲ.

ಸುಧಾಮಣಿ ಬಂದಾಗ ಹಿತ್ತಿಲ ತುಂಬ ಪುಕ್ಕ. ಕ್ಯಾನು ಕೈಬಿಟ್ಟು ಅಲ್ಲೇ ಕೂತುಬಿಟ್ಟಳು.

ಸುದ್ದಿ ಕೇಳಿ ಅತ್ತೆ ಮಧ್ಯಾಹ್ನವೇ ವಾಪಸು ಬಂದಳು. ಬೈಯಲಿಲ್ಲ. ಬೈದಿದ್ದರೆ ಸೊಸೆಗೆ ಹಗುರಾಗುತ್ತಿತ್ತೇನೋ. ಗುಂಡಿ ತೋಡಿ ಎಲ್ಲವನ್ನೂ ಹೂತು, ಬೋಳು ಕತ್ತಿನದನ್ನು ಕೊನೆಗೆ ಇಟ್ಟು, ಕೈ ತೊಳೆದು ಒಳಗೆ ಹೋದಳು. ಇನ್ನು ಈ ಮನೆಗೆ ಕೋಳಿ ಬೇಡ ಎಂದಳು. ರಾಗಿಯ ಡಬ್ಬದಲ್ಲಿ ಹೂತಿಟ್ಟಿದ್ದ ಹನ್ನೊಂದು ಮೊಟ್ಟೆಗಳಿದ್ದವು, ಕಾವಿಗೆ ಕೂರಿಸಲೆಂದು ಒಂದು ವಾರದಿಂದ ಕೂಡಿಸಿದವು. ಅವನ್ನು ಸಾರು ಮಾಡಿಬಿಡು ಎಂದಳು. ಸುಧಾಮಣಿ ಹೂಂ ಎಂದು ಆ ದಿನ ಸೊಪ್ಪಿನ ಬಸ್ಸಾರು ಮಾಡಿದಳು. ಯಾರೂ ಏನೂ ಕೇಳಲಿಲ್ಲ. ಅತ್ತೆ ಹಿತ್ತಿಲಿಗೆ ಬರುವುದನ್ನೇ ಬಿಟ್ಟಳು.

ಕಂದು ಹೇಂಟೆಯನ್ನು ನೋಡಿಕೊಂಡವಳು ಸೊಸೆಯೇ. ನನ್ನನ್ನು ಎತ್ತಿದರೂ ಅದು ಏಳದು. ಕಾಳು ಹಾಕಿದರೆ ತಿನ್ನದು, ಮೈಯುಬ್ಬಿಸಿ ಕೊಟ್ ಕೊಟ್ ಎನ್ನುತ್ತ ಕೈಗೇ ಕುಕ್ಕುತ್ತದೆ. ಇದೂ ಸಾಯುತ್ತದೆ ಎಂದುಕೊಂಡಳು ಪಾಪ. ಮೂರನೆಯ ದಿನ ಅಳುತ್ತ ಹೋಗಿ ಅತ್ತೆಯನ್ನು ಕರೆತಂದಳು.

ಪುಟ್ಟತಾಯಮ್ಮ ಕುಕ್ಕರುಗಾಲಲ್ಲಿ ಕೂತು ಅದರ ಹೊಟ್ಟೆಯಡಿ ಕೈ ತೂರಿಸಿದಳು. ಬಹಳ ಹೊತ್ತು ಕೈ ತೆಗೆಯಲಿಲ್ಲ.

“ಅವತ್ತು ಮೊಟ್ಟೆ ಇಕ್ಕಿತಾ ಇದು?”

“ಇಲ್ಲ ಅತ್ತೆ. ಸಂಜೆ ತನಕ ನೋಡ್ದೆ.”

“ಇಕ್ಕಕಿಲ್ಲ. ಕಾಯ್ಲೆ ಅಲ್ಲ ಕಣಮ್ಮಿ, ಕಾವಿಗೆ ಬಂದದೆ. ಕಾವಿಗೆ ಬಂದ ಕೋಳಿ ಒಳಗೆ ಎಲ್ಲಿ ಮೊಟ್ಟೆ ಇದ್ದದು? ನಾನಾಗಿದ್ರೆ ಮುಟ್ಟಿ ನೋಡಿ ಆಚೆ ಬಿಟ್ಬುಡ್ತಿದ್ದೆ.”

ಅಷ್ಟು ಹೇಳಿದ ಮೇಲೆ ಅವಳಿಗೇ ತನ್ನ ಮಾತು ಕೇಳಿಸಿತೆಂದು ಕಾಣುತ್ತದೆ, ಕೋಳಿಗಳನ್ನು ಹೂತ ಕಡೆ ತಿರುಗಿ ನೋಡಿದಳು. ಸೊಸೆ ನೆಲ ನೋಡುತ್ತ, ತಡಿಕೆ ಹಾಕದೆ ಹೋದವಳು ನಾನೇ ಅತ್ತೆ ಎಂದಳು. ಗೊತ್ತು ಎಂದಳು ಅತ್ತೆ. ಆಮೇಲೆ ಆ ಮೊಟ್ಟೆಗಳಿದ್ದಿದ್ದರೆ ಎಂದು ತನ್ನಷ್ಟಕ್ಕೆ ಗೊಣಗಿದಳು. ಸುಧಾಮಣಿ ಎದ್ದು ಒಳಗೆ ಹೋಗಿ ರಾಗಿಯ ಡಬ್ಬವನ್ನೇ ಹೊತ್ತು ತಂದಳು. ಒಡೆಯಲು ಮನಸ್ಸು ಬಂದಿರಲಿಲ್ಲವಂತೆ. ಅತ್ತೆ ರಾಗಿಯೊಳಗೆ ಕೈಯಾಡಿಸಿ ಒಂದೊಂದೇ ತೆಗೆದು ಕೊಟ್ಟಳು. ಸೊಸೆ ಒಂದೊಂದೇ ಹೇಂಟೆಯಡಿ ಸರಿಸಿದಳು. ಎಲ್ಲವೂ ಸತ್ತ ಕೋಳಿಗಳ ಮೊಟ್ಟೆಗಳು.

ಇಪ್ಪತ್ತೊಂದು ದಿನ ಕಾದೆವು. ಸುಧಾಮಣಿ ನನ್ನ ಮುರಿದ ಅಂಚಿಗೆ ತಂತಿ ಸುತ್ತಿದಳು, ಸ್ವಲ್ಪ ವಕ್ರವಾಗಿ. ದಿನಕ್ಕೆ ಹತ್ತು ಸಲ ತಡಿಕೆ ಎಳೆದು ನೋಡುತ್ತಿದ್ದಳು. ಮೂರು ಮೊಟ್ಟೆ ಕೆಟ್ಟವು, ಎಂಟು ಒಡೆದು ಮರಿಯಾದವು. ಎಂಟನೆಯದು ಒದ್ದೆ ಮೈ ಆರಿಸಿಕೊಂಡು ತಲೆ ಎತ್ತಿದಾಗ ಅದರ ಕತ್ತಿನಲ್ಲಿ ಒಂದು ಪುಕ್ಕವೂ ಇರಲಿಲ್ಲ. ಪುಟ್ಟತಾಯಮ್ಮ ಅದನ್ನು ಅಂಗೈಯಲ್ಲಿಟ್ಟುಕೊಂಡು ಅತ್ತಳು. ಕೋಳಿಗಳನ್ನು ಹೂಳುವಾಗಲೂ ಅವಳು ಅತ್ತಿರಲಿಲ್ಲ.

ಮರಿಗಳು ಬೆಳೆದು ಮೊಟ್ಟೆಗೆ ಬಂದ ಮೊದಲ ಬೆಳಿಗ್ಗೆ ಸೊಸೆ ಗೂಡು ತೆಗೆದು ಅತ್ತೆಗಾಗಿ ಪಕ್ಕಕ್ಕೆ ಸರಿದಳು. ಅತ್ತೆ ಜಗಲಿಯಿಂದ ಏಳಲಿಲ್ಲ.

“ನೀನೇ ನೋಡು,” ಎಂದಳು. “ನನ್ ಬೆರಳು ಸರಿಯಾಗಿ ಹೇಳ್ತದೆ. ನಿನ್ ಬೆರಳು ಕೋಳಿ ಉಳಿಸ್ತದೆ.”

ನಾನು ಕೈ ಬದಲಾಯಿಸಿದ್ದು ಹಾಗೆ.

ಈಗ ನನಗೆ ವಯಸ್ಸಾಗಿದೆ. ತಳ ಸಡಿಲವಾಗಿದೆ, ಕಲ್ಲಿನ ಭಾರ ತಡೆಯಲಾರೆ. ನನ್ನ ಜಾಗಕ್ಕೆ ಕಬ್ಬಿಣದ ಜಾಲರಿ ಬಂದಿದೆ. ಒಲೆಗೆ ಹಾಕುತ್ತಾರೆ ಎಂದುಕೊಂಡಿದ್ದೆ. ಸುಧಾಮಣಿ ನನ್ನನ್ನು ಮೂಲೆಗೆ ಒಯ್ದು ನೆಟ್ಟಗೆ ಇಟ್ಟಳು, ಒಳಗೆ ಹುಲ್ಲು ಹಾಸಿದಳು. ಬದುಕಿನಲ್ಲಿ ಮೊದಲ ಸಲ ಬಾಯಿ ಮೇಲಾಗಿ ಆಕಾಶ ಕಂಡಿತು. ಒಂದು ಗಳಿಗೆ ಕಂಡಿರಬೇಕು. ಆ ಎಂಟನೆಯ ಮರಿ, ಈಗಿನ ಬೋಳು ಕತ್ತಿನ ಹೇಂಟೆ, ಬಂದು ಎರಡು ಸುತ್ತು ತಿರುಗಿ, ನನ್ನ ಬಾಯಿ ತುಂಬ ಕೂತುಬಿಟ್ಟಿತು. ಆಕಾಶ ಹೋಯಿತು. ಹೋಗಲಿ, ಅದು ಕೂತ ಜಾಗ ಬೆಚ್ಚಗಿದೆ.