ದೀಪದ ದೀರ್ಘ

ಕಿವಿಯಿಂದ ಕಿವಿಗೆ ದಾಟುವ ಕತೆಗೆ ಕೈಕಾಲು ಬೆಳೆಯುವುದುಂಟು. ಈ ಕತೆಯನ್ನು ಹೇಳುವವರು ಮಾತ್ರ ತಮ್ಮದೆಂದು ಏನನ್ನೂ ಸೇರಿಸುವುದಿಲ್ಲ. ಸೇರಿಸಬಾರದ ಕಡೆ ಸೇರಿಸಿದವನ ಗತಿ ಏನಾಯಿತೆಂಬುದೇ ಕತೆಯಾದ್ದರಿಂದ ಅವರಿಗೆ ಆ ಭಯವಿದೆ.

ಒಂದು ನಗರದ ಮುದ್ರಣಾಲಯದಲ್ಲಿ ಕರಡು ತಿದ್ದುವವನೊಬ್ಬನಿದ್ದ. ಕರಡು ತಿದ್ದುವುದರಿಂದ ಅವನಿಗೆ ‘ಕರಡಿ’ ಎಂಬ ಅಡ್ಡಹೆಸರು. ಆಳು ಮಾತ್ರ ಕಡ್ಡಿ. ಗಾಳಿ ಬೀಸಿದರೆ ಕಾಗದದೊಂದಿಗೆ ಅವನನ್ನೂ ಒತ್ತಿ ಹಿಡಿಯಬೇಕು ಎನ್ನುತ್ತಿದ್ದರು. ಮೂವತ್ತು ವರ್ಷಗಳಿಂದ ಯಜಮಾನರು ಶಾಯಿ ಆರದ ಹಾಳೆಯನ್ನು ಅವನ ಮೇಜಿನ ಮೇಲಿಟ್ಟು, “ಒಂದ್ಸಲ ನೋಡಿಕೊಡಿ” ಎನ್ನುತ್ತಿದ್ದರು. ಆ ಮಾತು ಬಿದ್ದರೆ ಸಾಕು, ಕಣ್ಣಿಗಿಂತ ಮುಂಚೆ ಕೈ ಓದತೊಡಗುತ್ತಿತ್ತು. ಬಿಟ್ಟುಹೋದ ದೀರ್ಘವನ್ನು ಅವನು ಎಳೆಯುವ ರೀತಿಯೇ ಬೇರೆ: ಮೀನಿನ ಗಾಳದಂತೆ ಕೆಳಗಿಳಿಸಿ, ತುದಿಗೊಂದು ಚುಕ್ಕೆ. ಕರೆಯೋಲೆಯಾಗಲಿ, ಔಷಧಿಯ ಚೀಟಿಯಾಗಲಿ, ತಿದ್ದದೆ ಕೆಳಗಿಟ್ಟವನಲ್ಲ.

“ಇವನಿಗೆ ಹಣೆಬರಹ ತೋರಿಸಿದ್ರೂ ಮೊದಲು ಕಾಗುಣಿತ ನೋಡ್ತಾನೆ,” ಎಂದು ಅವನ ಅಕ್ಕ ನಗುತ್ತಿದ್ದಳು.

ಅಕ್ಕ ನರ್ಸು. ಅವರಿದ್ದ ಪಾಲಿಕೆ ವಾರ್ಡಿನ ಅರ್ಧ ಮಕ್ಕಳು ಭೂಮಿಗೆ ಬಿದ್ದದ್ದು ಅವಳ ಕೈಗೆ. ತಾಯಿ ಬೇಗ ತೀರಿಕೊಂಡಿದ್ದರಿಂದ ತಮ್ಮನ ಬೆರಳು ಹಿಡಿದು ಅಕ್ಷರ ತಿದ್ದಿಸಿದವಳೂ ಅವಳೇ. ಆ ವರ್ಷ ಅವಳು ಪಾಲಿಕೆಯ ಚುನಾವಣೆಗೆ ನಿಂತಳು. ಅವಳ ಗುರುತು ದೀಪ. ಎದುರಿಗೆ ನಿಂತವನು ಬೇಕರಿಯ ಯಜಮಾನ. ಅವನ ಗುರುತು ಛತ್ರಿ. ನಲವತ್ತೊಂದು ವಾರ್ಡುಗಳಲ್ಲಿ ನಲವತ್ತರ ಎಣಿಕೆ ಮುಗಿದಾಗ ಇಬ್ಬರ ಬಣಗಳಿಗೂ ಇಪ್ಪತ್ತು ಇಪ್ಪತ್ತು ಸ್ಥಾನ. ಉಳಿದದ್ದು ಇದೊಂದೇ ವಾರ್ಡು. ಗೆದ್ದವರಿಗೆ ಸದಸ್ಯತ್ವದ ಜೊತೆಗೆ ಮೇಯರ್ ಕುರ್ಚಿಯೂ ಸಿಗುವುದೆಂದು ಎರಡೂ ಬಣಗಳಲ್ಲಿ ಮಾತಾಗಿತ್ತು.

ಎಣಿಕೆ ಶಾಲೆಯೊಂದರ ಸಭಾಂಗಣದಲ್ಲಿ. ಅಕ್ಕನ ಪಕ್ಕದಲ್ಲಿ ಅವಳ ಏಜೆಂಟಾಗಿ ಕರಡಿ ಕುಳಿತಿದ್ದ. ಬೇಕರಿಯವನ ಪರವಾಗಿ ಕುಳಿತವರು ನಿವೃತ್ತ ಮೇಷ್ಟ್ರು. ಹಿಂದೊಮ್ಮೆ ಅವರ ವ್ಯಾಕರಣದ ಪುಸ್ತಕ ಅದೇ ಮುದ್ರಣಾಲಯಕ್ಕೆ ಬಂದಿದ್ದಾಗ ಕರಡಿ ಅದರ ನೂರಾ ಹನ್ನೆರಡು ಪುಟಗಳನ್ನೂ ಕೆಂಪಗೆ ಮಾಡಿದ್ದ. ಅವರು ಅದನ್ನು ಮರೆತಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಕೊನೆಯ ಕಟ್ಟು ಮುಗಿಯಿತು. ಛತ್ರಿಗೆ ಒಂದು ಸಾವಿರದ ಮುನ್ನೂರ ನಲವತ್ತು. ದೀಪಕ್ಕೆ ಒಂದು ಕಡಿಮೆ. ಪಕ್ಕಕ್ಕೆ ತೆಗೆದಿಟ್ಟ ಒಂದು ಮತಪತ್ರ ಮಾತ್ರ ಉಳಿಯಿತು. ಅದನ್ನು ಎಣಿಸಿದರೆ ಸಮಸಮ, ಚೀಟಿ ಎತ್ತಬೇಕು. ಎಣಿಸದಿದ್ದರೆ ಅಕ್ಕನಿಗೆ ಸೋಲು.

ಚುನಾವಣಾಧಿಕಾರಿ ಹೆಂಗಸು ಅದನ್ನು ಎತ್ತಿ ತೋರಿಸಿದರು. ದೀಪದ ಚಿತ್ರದ ಮುಂದೆ ಗುಣಾಕಾರದ ಗುರುತು ಸರಿಯಾಗಿಯೇ ಬಿದ್ದಿತ್ತು. ಚಿತ್ರದ ಕೆಳಗೆ ‘ದಿಪ’ ಎಂದು ತಪ್ಪಾಗಿ ಅಚ್ಚಾಗಿತ್ತು. ಅದಕ್ಕೆ ಯಾರೋ ನೀಲಿ ಪೆನ್ನಿನಿಂದ ದೀರ್ಘ ಕೊಟ್ಟಿದ್ದರು. ಗಾಳದಂಥ ಗೆರೆ, ತುದಿಗೊಂದು ಚುಕ್ಕೆ.

ಕರಡಿ ತನ್ನ ಗೆರೆಯನ್ನು ಗುರುತಿಸಿದ. ತಾನು ಅದನ್ನು ಎಳೆದದ್ದು ಅವನಿಗೆ ನೆನಪೇ ಇರಲಿಲ್ಲ. ಎಳೆದ ಉಸಿರನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ?

“ಯಾರ ಬರಹ ಅಂತ ಗೊತ್ತಾದ್ರೆ ಈ ವೋಟು ರದ್ದು. ಗೊತ್ತಾಗದಿದ್ರೆ ಎಣಿಸ್ತೀನಿ,” ಎಂದರು ಅಧಿಕಾರಿ.

“ಗೊತ್ತಾಗದೆ ಏನು ಮೇಡಂ?” ಮೇಷ್ಟ್ರು ಎದ್ದು ನಿಂತರು. “ಇದು ನನ್ನ ಪುಸ್ತಕದ ರಕ್ತ ಹೀರಿದ ಕೈ. ಇಗೋ, ಇಲ್ಲೇ ಕೂತಿದೆ.”

ಎಲ್ಲರೂ ಕರಡಿಯ ಕಡೆ ತಿರುಗಿದರು. ಅಕ್ಕ ಮಾತ್ರ ಮತಪತ್ರವನ್ನೇ ನೋಡುತ್ತಿದ್ದಳು.

“ನಿಮ್ಮದಾ?” ಎಂದು ಅಧಿಕಾರಿ ಕೇಳಿದರು.

“ನನ್ನದಲ್ಲ,” ಎಂದ ಕರಡಿ. ಹುಟ್ಟಿದಂದಿನಿಂದ ಒಂದು ಅಲ್ಪಪ್ರಾಣದಷ್ಟು ಸುಳ್ಳನ್ನೂ ಹೇಳದ ಬಾಯಿ ಅದು.

ಅಧಿಕಾರಿ ಬಿಳಿ ಹಾಳೆ ಕೊಟ್ಟು ‘ದೀಪ’ ಎಂದು ಮೂರು ಸಲ ಬರೆಯಿಸಿದರು. ಅವನು ಒಂದನೇ ತರಗತಿಯ ಮಗುವಿನಂತೆ ಅಕ್ಷರಗಳನ್ನು ವಾಲಿಸಿ, ದೀರ್ಘವನ್ನು ಕೋಲಿನಂತೆ ನೇರವಾಗಿ ಇಳಿಸಿದ. ಬೆವರು ಹಾಳೆಯ ಮೇಲೆ ತೊಟ್ಟಿಕ್ಕಿತು. ಅಧಿಕಾರಿ ಎರಡನ್ನೂ ಹಿಡಿದು ನೋಡಿ, “ಹೋಲಿಕೆ ಕಾಣ್ತಿಲ್ಲ,” ಎಂದರು.

“ಹಾಗಿದ್ರೆ ನನ್ನದೇನೂ ತಕರಾರಿಲ್ಲ,” ಎಂದು ಮೇಷ್ಟ್ರು ಸಕ್ಕರೆಯಂತಾದರು. “ತಮ್ಮದಲ್ಲ ಅಂತ ಒಂದು ಸಾಲು ಸಹಿ ಮಾಡಿಕೊಡಲಿ, ಸಾಕು. ಪಾಪ, ಕೈ ನಡುಗ್ತಿದೆ, ನಾನೇ ಬರೀತೀನಿ.”

ಅಧಿಕಾರಿ ತಲೆಯಾಡಿಸಿದರು. ಮೇಷ್ಟ್ರು ಸರಸರನೆ ಬರೆದು, ಹಾಳೆಯನ್ನು ಪೆನ್ನಿನ ಸಮೇತ ಕರಡಿಯ ಮುಂದೆ ಇಟ್ಟು, ಮೃದುವಾಗಿ ಹೇಳಿದರು: “ಒಂದ್ಸಲ ನೋಡಿಕೊಡಿ.”

‘ದಿಪದ ಮೇಲಿನ ತಿದ್ದುಪಡಿ ನನ್ನದಲ್ಲ’ ಎಂದಿತ್ತು.

ಕರಡಿ ಪೆನ್ನು ಎತ್ತಿಕೊಂಡ. ಸಾಲಿನ ಮೇಲೆ ಕೈ ಸರಿಯಿತು. ಮೊದಲ ಅಕ್ಷರದ ಬಳಿ ಒಂದು ಗಳಿಗೆ ನಿಂತು, ಗಾಳದಂತೆ ಇಳಿದು, ಚುಕ್ಕೆಯಿಟ್ಟು ಮುಂದೆ ಹೋಯಿತು. ಕೆಳಗೆ ಸಹಿ ಹಾಕಿದ. ಹಾಳೆಯನ್ನು ಹಿಂದಕ್ಕೆ ಕೊಟ್ಟ.

ಮೇಷ್ಟ್ರು ನಗಲಿಲ್ಲ. ನಕ್ಕಿದ್ದರೆ ವಾಸಿಯಿತ್ತು. ಅವರು ಹಾಳೆಯನ್ನು ಮತಪತ್ರದ ಪಕ್ಕಕ್ಕಿಟ್ಟು ಹಿಂದೆ ಸರಿದರು. ಅಧಿಕಾರಿ ಇವನ ಮುಖ ನೋಡಲಾರದೆ ಕನ್ನಡಕ ಒರೆಸಿಕೊಂಡರು. ಹಿಂದಿನ ಬೆಂಚಿನಿಂದ ಯಾರೋ, “ಕರಡಿ ತನ್ನ ಬೋನಿಗೆ ತಾನೇ ಬೀಗ ಹಾಕ್ಕೊಂಡ್ತಪ್ಪಾ!” ಎಂದಾಗ ಇಡೀ ಸಭಾಂಗಣವೇ ನಕ್ಕಿತು.

ಆಗ ಅಕ್ಕ ಎದ್ದಳು. “ಅದು ನನ್ನ ತಮ್ಮಂದೇ ಮೇಡಂ. ರದ್ದು ಮಾಡಿ.”

ಇಬ್ಬರೂ ಮನೆಯ ದಾರಿ ಹಿಡಿದರು. ಬೇಕರಿಯ ಮುಂದೆ ಹೊಸ ಮೇಯರಿಗೆ ಹಾರ ಬೀಳುತ್ತಿತ್ತು. ಕರಡಿ ಆ ಕಡೆಯ ಕಾಲುದಾರಿ ಬಿಟ್ಟು ಈ ಕಡೆಗೆ ದಾಟಿದ.

“ಬೈದುಬಿಡಕ್ಕ,” ಎಂದ ಕೊನೆಗೆ.

“ದೀರ್ಘ ಎಳೆದಿದ್ದಕ್ಕೆ ಏನಂತ ಬೈಯಲಿ? ನಾನೇ ಕಲಿಸಿದ್ದಲ್ವಾ?” ಅವಳು ನಿಂತಳು. “ಆದ್ರೆ ನನ್ನದಲ್ಲ ಅಂದ್ಯಲ್ಲೋ! ಆ ಮಾತು ನಿನ್ನ ಬಾಯಲ್ಲಿ ಕೇಳಿದೆನಲ್ಲ.”

ಅವನು ಮತ್ತೆ ನಡೆಯತೊಡಗಿದ.

“ಮೊದಲನೇ ಸಲ ಎತ್ತಿ ತೋರಿಸಿದಾಗಲೇ ನನಗೆ ಗೊತ್ತಾಗಿತ್ತು,” ಎಂದಳು ಅಕ್ಕ, ದನಿ ತಗ್ಗಿಸಿ. “ನಾನೂ ಬಾಯಿಗೆ ಬೀಗ ಹಾಕ್ಕೊಂಡೇ ಕೂತಿದ್ದೆ. ನೀನು ವಕ್ರವಕ್ರ ಬರೀತಿದ್ದಾಗ, ಇನ್ನೂ ವಕ್ರ ಬರಿಯೋ ಅಂತ ಮನಸ್ಸಲ್ಲೇ ಬೇಡ್ಕೊಂಡೆ. ಇಂಥವಳು ಮೇಯರ್ ಆಗಬೇಕಿತ್ತಂತೆ!”

ಮೂರು ದಿನಗಳ ಮೇಲೆ ಅವಳು ಮತದಾರರಿಗೆ ಕೃತಜ್ಞತೆಯ ಕರಪತ್ರ ಹಾಕಿಸಲು ಮುದ್ರಣಾಲಯಕ್ಕೆ ಬಂದಳು. ಯಜಮಾನರು ಕರಡನ್ನು ಕರಡಿಯ ಮೇಜಿನ ಮೇಲೆ ಇಟ್ಟರು. ಏನೂ ಹೇಳದೆ ಇಟ್ಟರು. ಮೂವತ್ತು ವರ್ಷದ ‘ಒಂದ್ಸಲ ನೋಡಿಕೊಡಿ’ ಈ ಸಲ ಬರಲಿಲ್ಲ. ಆ ಮೌನ ಅವನಿಗೆ ಎಣಿಕೆಯ ದಿನದ ನಗುವಿಗಿಂತ ಹೆಚ್ಚು ಚುಚ್ಚಿತು.

ಕಾಗುಣಿತವೆಲ್ಲ ನೆಟ್ಟಗಿತ್ತು. ಕೊನೆಗೊಂದು ಸಾಲು: ‘ಈ ಸೋಲಿಗೆ ಯಾರೂ ಕಾರಣರಲ್ಲ.’ ಅವನು ಅದರ ಮೇಲೆ ಕೆಂಪು ಗೆರೆ ಎಳೆದ.

“ಏನೋ ಅದು? ಒತ್ತು ಬಿಟ್ಟಿದೀನಾ?” ಎಂದಳು ಅಕ್ಕ.

“ಅಕ್ಷರ ಸರಿಯಿದೆ. ಮಾತು ತಪ್ಪು.”

“ಮಾತು ತಿದ್ದೋ ಕೆಲಸಕ್ಕೆ ಯಾವಾಗ ಸೇರಿದೆ?” ಅವಳು ಅವನ ಕೈಯಿಂದ ಪೆನ್ನು ಕಿತ್ತುಕೊಂಡು, ಹೊಡೆದುಹಾಕಿದ ಸಾಲಿನ ಕೆಳಗೆ ಚುಕ್ಕೆಗಳನ್ನಿಟ್ಟು, ಅಂಚಿನಲ್ಲಿ ಮುದ್ರಣಾಲಯದವರ ಹಾಗೆಯೇ ಬರೆದಳು: ‘ಇದ್ದಂತೆಯೇ ಇರಲಿ.’ ಪೆನ್ನು ಹಿಂದಕ್ಕೆ ಕೊಡುವಾಗ ಅವನ ಮುಖ ನೋಡಲಿಲ್ಲ.

ಕರಡಿ ಸಾಲನ್ನು ಇನ್ನೊಮ್ಮೆ ಓದಿದ. ಕೈ ಮತ್ತೆ ಅದರ ಕಡೆಗೇ ಹೋಯಿತು. ಎಡಗೈಯಿಂದ ಅದನ್ನು ಹಿಡಿದು ನಿಲ್ಲಿಸಿದ. ಆಮೇಲೆ, ಕಣ್ಣಾರೆ ಕಂಡ ತಪ್ಪನ್ನು ಜೀವಮಾನದಲ್ಲಿ ಮೊದಲ ಸಲ ಹಾಗೆಯೇ ಬಿಟ್ಟು, ಅದರ ಕೆಳಗೆ, ಕರಡು ನೋಡಿದ ಕೈ ತನ್ನದೆಂದು, ತನ್ನ ಪೂರ್ತಿ ಹೆಸರನ್ನು ಬರೆದ.