ಬ್ಲ್ಯಾಕ್‌ರಿಗ್ ಕೋಟೆಯ ಬಾಗಿಲಲ್ಲಿ ನೋರಾ

ಮಳೆಯ ಹನಿಯೊಂದು ಶಿರಸ್ತ್ರಾಣದ ಕೆನ್ನೆತಗಡಿನ ಒಳಗಿಂದ ಜಾರಿ ಗಲ್ಲದಡಿಯ ದಾರದ ಗಂಟಿನ ಹತ್ತಿರ ಬಂದು ನಿಂತಿದೆ, ಬೀಳುತ್ತಿಲ್ಲ, ಒರೆಸಿಕೊಳ್ಳೋಣವೆಂದರೆ ಎಡಗೈಯಲ್ಲಿ ಗುರಾಣಿ, ಬಲಗೈಯಲ್ಲಿ ಈಟಿ, ಕಚಗುಳಿ ಇಡುವುದಾದರೆ ಇಡಲಿ, ಅಲ್ಲಾಡುವವಳಲ್ಲ ನೋರಾ ಹೆಸ್ಲಪ್ — ಆಗಸ್ಟ್ ತಿಂಗಳಂತೆ ಇದು, ಈ ಸೀಮೆಗೆ ಇದೇ ಬೇಸಿಗೆಯಂತೆ, ಪಡುವಣ ಗಾಳಿ ಗುಡ್ಡದ ಮೇಲಿನ ಕುರಿಗಳ ಉಣ್ಣೆಯನ್ನು ಹಿಂದುಮುಂದಾಗಿ ಬಾಚುತ್ತಿದೆ, ಹಗ್ಗದಾಚೆ ಛತ್ರಿ ಹಿಡಿದ ಇನ್ನೂರು ಜನ, ಹಗ್ಗದೀಚೆ ಮೊಳೆ ಹೊಡೆದ ಚಪ್ಪಲಿ ಮೆಟ್ಟಿ ಹಳೇ ರೋಮಿನ ಸೈನಿಕರ ವೇಷ ಕಟ್ಟಿ ನಿಂತ ಇಪ್ಪತ್ತೆರಡು ಜನ, ಅವರಲ್ಲಿ ಹೆಂಗಸು ಅವಳೊಬ್ಬಳೇ, ಮತ್ತು ಅಷ್ಟೂ ಜನರ ಮುಂದೆ, ಕೆಂಪು ಜುಟ್ಟಿನ ಶಿರಸ್ತ್ರಾಣ ಹೊತ್ತ ಆ ಪೆಂಬರ್ಟನ್ ಏನಂದ? ನೋರಾ, ದಯವಿಟ್ಟು ಸಾಲು ಬಿಟ್ಟು ಬನ್ನಿ, ಅಡುಗೆ ಡೇರೆಯಲ್ಲಿ ಬೀಸೋಕಲ್ಲು ಖಾಲಿ ಇದೆ, ಜನಕ್ಕೆ ಅದನ್ನ ನೋಡೋದಂದ್ರೆ ಬಹಳ ಇಷ್ಟ. ಇಷ್ಟವಿದ್ದರೆ ತಾನೇ ಹೋಗಿ ಬೀಸಲಿ, ಒಳ್ಳೆ ಅಗಲವಾದ ಸೊಂಟವಿದೆ ಅವನಿಗೆ, ಕಲ್ಲಿನ ಮುಂದೆ ಕೂತರೆ ಗಾಳಿಗೂ ಮರೆಯಾಗುತ್ತದೆ. ಹತ್ತೊಂಬತ್ತು ವರ್ಷದಿಂದ ಪ್ರತಿ ಆಗಸ್ಟಿನಲ್ಲಿ ಈ ಪಾಳುಕೋಟೆಯ ಅಂಗಳದಲ್ಲಿ ಇದೇ ಜಾಗದಲ್ಲಿ ನಿಂತಿದ್ದಾಳೆ, ಬಲಗಡೆಯಿಂದ ಮೂರನೆಯವಳು, ಅವನು ಬಂದದ್ದು ಈ ಮಾರ್ಚಿನಲ್ಲಿ, ದಕ್ಷಿಣದಿಂದ, ವಕೀಲಿ ಬಿಟ್ಟು ಹಳ್ಳಿ ಮನೆ ಕೊಂಡವನು, ಲ್ಯಾಟಿನ್ ಬಲ್ಲವನು, ತಂಡದ ಎರಡನೇ ಸಭೆಯಲ್ಲೇ ಇವರೆಲ್ಲ ಬಾಯಿ ಬಿಟ್ಟುಕೊಂಡು ಅವನನ್ನು ನಾಯಕ ಮಾಡಿದರು. ನಿಜಕ್ಕೆ ಹತ್ತಿರ ಇರಬೇಕು ನಾವು, ಅಂತಾನೆ, ರೋಮಿನ ಸೇನೆಯಲ್ಲಿ ಹೆಂಗಸರು ಇರಲಿಲ್ಲ ನೋರಾ, ಇದು ನನ್ನ ಮಾತಲ್ಲ, ಇತಿಹಾಸದ್ದು. ಇರಲಿಲ್ಲ, ಅವಳಿಗೂ ಗೊತ್ತು, ಅವಳೇನು ಪೆದ್ದಿಯೇ? ಆದರೆ ಅರವತ್ತೆಂಟು ವರ್ಷದ, ಸಕ್ಕರೆ ಕಾಯಿಲೆಯ, ಕನ್ನಡಕವನ್ನು ಅಂಗಿಯೊಳಗೆ ಬಚ್ಚಿಟ್ಟುಕೊಂಡ ನಾಯಕರು ಇದ್ದರೋ? ಮೀನು ಕರಿಯುವ ಅಂಗಡಿಯ ಆಲ್ಬಿ ಸ್ಟಾಬ್ಸ್ ಇದ್ದನೋ, ಎರಡು ಸಲ ಹೃದಯದ ಆಪರೇಷನ್ ಆದವನು? ಇವರನ್ನು ಕಂಡರೆ ಇತಿಹಾಸ ಕಣ್ಣು ಮುಚ್ಚಿಕೊಳ್ಳುತ್ತದೆ, ಅವಳ ಕಡೆ ತಿರುಗಿದಾಗ ಮಾತ್ರ ಇತಿಹಾಸಕ್ಕೆ ದೃಷ್ಟಿ ಚುರುಕು. ಆಲ್ಬಿ ಪಕ್ಕದಲ್ಲೇ ಇದ್ದಾನೆ, ತುಟಿ ಅಲ್ಲಾಡಿಸದೆ ಪಿಸುಗುಡುತ್ತಿದ್ದಾನೆ, ಹೋಗೇ ಮಾರಾಯ್ತಿ, ಇವತ್ತೊಂದಿನ ಬಿಟ್ಟುಬಿಡು, ಡೇರೆಲಿ ಬೆಚ್ಚಗೆ ಚಹಾ ಕುಡಿ, ಸಂಜೆ ಕೂತು ಮಾತಾಡೋಣ. ಸಂಜೆ ಮಾತಾಡೋಣ! ಸಂಜೆ ಮಾತಾಡೋಣ ಅಂದೋರೆಲ್ಲ ಸಂಜೆ ಹೊತ್ತಿಗೆ ಮನೆಗೆ ಹೋಗಿರ್ತಾರೆ ಆಲ್ಬಿ, ನನಗೆ ಗೊತ್ತಿಲ್ವಾ?

ಹಡಗು ಕಟ್ಟುವ ಕಟ್ಟೆಯಲ್ಲೂ ಹಾಗೇ ಅಂದಿದ್ದ ಮೇಸ್ತ್ರಿ ಕಾರ್ಬೆಟ್, ಕೆಲಸಕ್ಕೆ ಹೋದ ಮೊದಲ ದಿನ, ಹದಿನೇಳು ವರ್ಷ ಅವಳಿಗೆ, ಅಣ್ಣನ ಹಳೇ ಬೂಟು, ತುದಿಯಲ್ಲಿ ಪೇಪರ್ ತುರುಕಿಕೊಂಡದ್ದು, ಬೆಳಿಗ್ಗೆ ಏಳೂವರೆಯ ಸೈರನ್, ನದಿಯ ಮೇಲಿನ ಮಂಜು ಎಣ್ಣೆ ವಾಸನೆ ಹೊಡೆಯುತ್ತಿತ್ತು, ದಾರಿ ತಪ್ಪಿದೀಯ ಕಣಮ್ಮಾ, ಕ್ಯಾಂಟೀನು ಆ ಕಡೆ — ಮತ್ತು ತಗಡು ಬಡಿಯುವ ಶೆಡ್ಡಿನ ಗಂಡಸರೆಲ್ಲ ನಕ್ಕದ್ದು, ಆ ನಗು ಕಬ್ಬಿಣದ ಮೇಲೆ ಬಿದ್ದು ಮರಳಿ ಬಂದದ್ದು. ಅವಳು ಕ್ಯಾಂಟೀನಿಗೆ ಹೋಗಲಿಲ್ಲ. ಹೋಗಲಿಲ್ಲ ಅಷ್ಟೆ, ದೊಡ್ಡ ಮಾತೇನೂ ಆಡಲಿಲ್ಲ, ನಿಂತಳು, ಸುಮ್ಮನೆ ನಿಂತಳು, ಹತ್ತು ಗಂಟೆಯವರೆಗೆ, ಹನ್ನೊಂದರವರೆಗೆ, ಕೊನೆಗೆ ಕಾರ್ಬೆಟ್ಟೇ ರೇಗಿ ತಗಡು ಕತ್ತರಿಸುವ ಕತ್ತರಿಯೊಂದನ್ನು ಅವಳ ಕೈಗೆ ತುರುಕಿ, ತಗೋ, ಬೆರಳು ಹೋದ್ರೆ ನಂಗೆ ಹೇಳ್ಬೇಡ, ಅಂದ. ಬೆರಳು ಹೋಗಲಿಲ್ಲ. ಒಂದರ ತುದಿ ಸ್ವಲ್ಪ ಹೋಯಿತು, ಅದನ್ನು ಅವಳು ಅವನಿಗೆ ಹೇಳಲೂ ಇಲ್ಲ. ತಗಡು ಮಾತು ಕೇಳುತ್ತದೆ, ಗಂಡಸರಂತಲ್ಲ, ಎಲ್ಲಿ ಬಗ್ಗಬೇಕೋ ಅಲ್ಲಿ ಬಿಸಿ ತೋರಿಸಿದರೆ ಬಗ್ಗುತ್ತದೆ, ಇಪ್ಪತ್ತೊಂಬತ್ತು ವರ್ಷ, ಆರು ಹಡಗಿನ ಮೂತಿ, ಆಮೇಲೆ ಕಟ್ಟೆಯೇ ಮುಚ್ಚಿತು, ಆಕಾಶಕ್ಕೆ ತಾಗುತ್ತಿದ್ದ ಕ್ರೇನುಗಳನ್ನು ಬಿಚ್ಚಿ ಹಡಗಿಗೇರಿಸಿ ಇಂಡಿಯಾಕ್ಕೆ ಕಳಿಸಿದರು, ದಡದ ಮೇಲೆ ನಿಂತು ನೋಡಿದಳು, ಅಳುವ ಗಂಡಸರಿಗೆಲ್ಲ ಕರ್ಚೀಫು ಕೊಟ್ಟಳು. ಆಗಲೇ ಆಲ್ಬಿ ಮುರಿದ ಕೊಕ್ಕೆಯೊಂದನ್ನು ಹಿಡಿದು ಬಂದದ್ದು, ನೋರಾ, ನಮ್ಮ ರೋಮನ್ನರ ಎದೆಕವಚ ಪ್ರತಿ ವಾರ ಕಿತ್ತುಹೋಗುತ್ತೆ ಕಣೆ, ಒಂಚೂರು ನೋಡ್ತೀಯಾ? ನೋಡಿದಳು. ಯಾವನೋ ಬಿಸ್ಕತ್ತಿನ ಡಬ್ಬ ಕತ್ತರಿಸಿ ಮಾಡಿದ ಹಾಗಿತ್ತು. ಅಂದಿನಿಂದ ಮಾಡಿದ್ದೇ ಮಾಡಿದ್ದು, ಹಿತ್ತಿಲ ಶೆಡ್ಡಿನಲ್ಲಿ, ಪಟ್ಟಿ ಪಟ್ಟಿಯಾಗಿ, ಭುಜಕ್ಕೊಂದು ಬಾಗು, ಹೊಟ್ಟೆಗೊಂದು ಬಾಗು, ಹೊಟ್ಟೆ ಬೆಳೆದವರಿಗೆ ಇನ್ನೊಂದು ಪಟ್ಟಿ, ಯಾರ ಹೊಟ್ಟೆ ಯಾವ ವರ್ಷ ಎಷ್ಟು ಬೆಳೆಯಿತೆಂದು ಅವರ ಹೆಂಡತಿಯರಿಗಿಂತ ಚೆನ್ನಾಗಿ ಅವಳಿಗೆ ಗೊತ್ತು. ಪೆಂಬರ್ಟನ್ನಿನ ಎದೆಯ ಮೇಲೆ ಮಳೆಯಲ್ಲಿ ಹೊಳೆಯುತ್ತಿರುವುದೂ ಅವಳು ಬಡಿದದ್ದೇ, ಏಪ್ರಿಲಿನಲ್ಲಿ ಮೂರು ಸಲ ಅಳತೆಗೆ ಬಂದ, ಅದ್ಭುತ ನೋರಾ, ನಿಮ್ಮ ಕೈಯಲ್ಲಿ ಜಾದೂ ಇದೆ. ಬಿಚ್ಚೋ ಅದನ್ನ, ಅನ್ನಬಹುದು ಈಗ. ನನ್ನದು ಹಾಕಿಕೊಂಡವರೆಲ್ಲ ಬಿಚ್ಚಿ, ಅನ್ನಬಹುದು, ಹದಿನಾಲ್ಕು ಗಂಡಸರು ಮಳೆಯಲ್ಲಿ ಉಣ್ಣೆಯ ಒಳಂಗಿಯಲ್ಲಿ ನಡುಗುತ್ತ ನಿಲ್ಲುತ್ತಾರೆ — ಛೆ, ಅಗ್ಗದ ಮಾತು ಅದು, ಕೊಟ್ಟದ್ದನ್ನು ಕೇಳುವವಳಲ್ಲ ಅವಳು. ಅವಳಿಗೆ ಬೇಕಾದ್ದು ತಗಡಲ್ಲ. ಜಾಗ. ಬಲಗಡೆಯಿಂದ ಮೂರನೆಯ ಜಾಗ.

ಆಯ್ತು, ನಿಮ್ಮಿಷ್ಟ, ಅಂದ ಪೆಂಬರ್ಟನ್, ದನಿ ತಗ್ಗಿಸಿ, ನಗುಮುಖ ಜನರ ಕಡೆಗೆ ಇಟ್ಟುಕೊಂಡೇ, ನೀವು ಇಲ್ಲೇ ನಿಂತಿರಿ, ನಾವು ಹೋಗ್ತೀವಿ — ಮತ್ತು ಲ್ಯಾಟಿನ್ನಿನಲ್ಲಿ ಏನೋ ಕೂಗಿದ, ಸಾಲು ಬಲಕ್ಕೆ ತಿರುಗಿತು, ಮೊಳೆಗಳು ಕಲ್ಲಿನ ಮೇಲೆ ಕರಕರ ಎಂದವು, ಒಬ್ಬೊಬ್ಬರೇ ಅವಳನ್ನು ಕಂಬವನ್ನು ಸುತ್ತಿದ ಹಾಗೆ ಸುತ್ತಿಕೊಂಡು ಹೋದರು, ಯಾರೂ ಮುಖ ನೋಡಲಿಲ್ಲ, ಆಲ್ಬಿ, ನೀನೂ? ಆಲ್ಬಿಯ ಹಿಮ್ಮಡಿ, ಬಿಳಿಚಿಕೊಂಡ ಹಿಮ್ಮಡಿ ಹೋಗುತ್ತಿದೆ, ಅವನ ಹೆಂಡತಿ ಸತ್ತ ವಾರ ಎಲ್ಲಾ ದಿನ ಸೂಪು ಕಾಯಿಸಿ ಒಯ್ದವಳು ಯಾರು, ಇರಲಿ, ಅದನ್ನೂ ಕೇಳುವುದಿಲ್ಲ. ಉತ್ತರದ ಬಾಗಿಲಿಂದ ಹೊರಬಿದ್ದರು, ಕಂದಕ ಸುತ್ತಿ, ಮಕ್ಕಳು ಎಸೆಯುವ ಒದ್ದೆ ಸ್ಪಂಜುಗಳಿಗೆ ಗುರಾಣಿ ಒಡ್ಡಿ, ಕಾಲು ಗಂಟೆಯಲ್ಲಿ ಅದೇ ಬಾಗಿಲಿಗೆ ಬರುತ್ತಾರೆ. ಅಂಗಳದಲ್ಲಿ ಅವಳೊಬ್ಬಳು. ಇಷ್ಟಗಲ ಹುಲ್ಲು, ನಡುವೆ ಅವಳು, ಜನ ನೋಡುತ್ತಿದ್ದಾರೆ, ಒಬ್ಬಾಕೆ ಕರುಣೆಯಿಂದ ತಲೆ ಓರೆ ಮಾಡಿದ್ದಾಳೆ, ಆ ಓರೆ ತಲೆ ಬೀಸುವ ಕಲ್ಲಿಗಿಂತ ಭಾರ, ಅಳು ಬಂತೇ, ಇಲ್ಲ, ಅದು ಆ ಹನಿ, ಕೊನೆಗೂ ಬಿತ್ತು. ಪಕ್ಕೆಯಲ್ಲಿ ಏನೋ ಒತ್ತುತ್ತಿದೆ, ಸೊಂಟಪಟ್ಟಿಗೆ ಸಿಕ್ಕಿಸಿದ ಮರದ ಚೀಟಿ — ಗುಟ್ಟುಮಾತಿನ ಚೀಟಿ! ಈ ತುಕಡಿಯ ಗುಟ್ಟುಮಾತಿನ ಹೊಣೆ ಅವಳದು, ದಿನಕ್ಕೊಂದು ಮಾತು, ಬೆಳಿಗ್ಗೆ ಅವಳೇ ಬರೆದು ಎಲ್ಲರಿಗೂ ತೋರಿಸಬೇಕು, ಮರಳಿ ಬರುವವರನ್ನು ಬಾಗಿಲಲ್ಲಿ ತಡೆದು ಕೇಳಬೇಕು, ಹೇಳದಿದ್ದರೆ ಒಳಗೆ ಬಿಡಬಾರದು, ಜನಕ್ಕೆ ಅದೆಂದರೆ ಪ್ರಾಣ, ಈ ವರ್ಷ ಸಮಯ ಸಾಲದೆಂದು ಪೆಂಬರ್ಟನ್ ಅದನ್ನೇ ಕಾರ್ಯಕ್ರಮದಿಂದ ಹೊಡೆದುಹಾಕಿದ್ದ. ಅಭ್ಯಾಸ, ಅವಳು ಆದರೂ ಬರೆದಿದ್ದಳು, ಎದ್ದಾಗ ಮೊಣಕಾಲು ಲಟಕ್ಕೆಂದಿತ್ತು, ಅದನ್ನೇ ಬರೆದಳು, ಮೊಣಕಾಲು ಅಂತ, ತೋರಿಸಲು ಹೋದರೆ ಯಾರೂ ನೋಡಲಿಲ್ಲ. ಯಾರಿಗೂ ಗೊತ್ತಿಲ್ಲ. ಇಡೀ ಕೋಟೆಯಲ್ಲಿ ಒಬ್ಬಳಿಗೆ ಗೊತ್ತು. ನೋರಾಳ ಕಾಲು ಆಗಲೇ ನಡೆಯುತ್ತಿದೆ, ಅವಳನ್ನು ಕೇಳದೆಯೇ, ಹುಲ್ಲು ದಾಟಿ, ಬಂಡಿಚಕ್ರಗಳು ಕೊರೆದ ಹೊಸ್ತಿಲ ಕಲ್ಲಿನ ಮೇಲೆ, ಎರಡು ಗೋಡೆಗಳ ನಡುವೆ, ಈಟಿಯನ್ನು ಅಡ್ಡ ಹಿಡಿದು.

ಬಂದರು. ಸ್ಪಂಜಿನ ನೀರು ಸುರಿಸಿಕೊಂಡು, ಏದುಸಿರು ಬಿಡುತ್ತ, ಮುಂದೆ ಕೆಂಪು ಜುಟ್ಟು, ಒದ್ದೆ ಕೋಳಿಯ ಹಾಗೆ ಒಂದು ಕಡೆ ವಾಲಿದ್ದು. ನಿಲ್ಲಿ, ಅಂದಳು ನೋರಾ, ಹಡಗುಕಟ್ಟೆಯ ದನಿಯಲ್ಲಿ, ಸುತ್ತಿಗೆಗಳ ಮೇಲಿಂದ ಕೂಗಿ ರೂಢಿಯಾದ ದನಿ, ಕುರಿಗಳೂ ತಲೆ ಎತ್ತಿದವು, ಗುಟ್ಟುಮಾತು ಹೇಳಿ. ಜನ ಓ ಎಂದರು, ಹಗ್ಗದ ತನಕ ನುಗ್ಗಿದರು. ಪೆಂಬರ್ಟನ್ ಹಲ್ಲು ಬಿಟ್ಟ, ಹಲ್ಲಿನ ನಡುವಿಂದಲೇ, ನೋರಾ, ತಮಾಷೆ ಸಾಕು, ದಾರಿ ಬಿಡಿ. ಅದಲ್ಲ ಗುಟ್ಟುಮಾತು, ಅಂದಳು. ಜನ ನಕ್ಕರು. ಜುಪಿಟರ್, ಅಂದ ಅವನು. ಅಲ್ಲ. ವಿಜಯ. ಅಲ್ಲ. ಚಕ್ರವರ್ತಿಗೆ ಜಯವಾಗಲಿ? ಆಗಲಿ ಪಾಪ, ಆದ್ರೆ ಅದೂ ಅಲ್ಲ. ಮಳೆ, ಅವನ ಮೂಗಿನ ತುದಿ, ಕೆಂಪು. ಏನು ಬೇಕು ನಿಮಗೆ, ಅಂದ, ಈಗ ನಿಜವಾಗಿ ಮೆಲ್ಲಗೆ. ಗುಟ್ಟುಮಾತು, ಅಂದಳು, ಇತಿಹಾಸ ಸ್ವಾಮಿ ಇದು, ನನ್ನದಲ್ಲ, ನಿಜವಾದ ರೋಮನ್ ಕಾವಲುಗಾರ ಆಗಿದ್ರೆ ಇಷ್ಟೊತ್ತಿಗೆ ತಿವಿದಿರ್ತಿದ್ದ. ಹಿಂದಿನಿಂದ ಒಂದು ಗೊರಗೊರ ದನಿ, ಆಲ್ಬಿಯದು, ಆಲ್ಬಿ! — ಅವಳನ್ನೇ ಕೇಳ್ಕೊಳ್ಳಿ ನಾಯಕರೇ, ಅದನ್ನ ಇಟ್ಕೊಳ್ಳೋದು ಅವಳ ಕೆಲ್ಸ, ಅವಳು ಸಾಲಿನವಳು. ಸಾಲಿನವಳು, ಅಂದ, ಎಲ್ಲರಿಗೂ ಕೇಳುವ ಹಾಗೆ, ಅಂದವನೇ ಗುರಾಣಿಯನ್ನು ನೆಲಕ್ಕೂರಿದ, ಧಪ್, ಪಕ್ಕದವನು ಊರಿದ, ಧಪ್, ಇನ್ನೊಬ್ಬ, ಇನ್ನೊಬ್ಬ, ಇಪ್ಪತ್ತು ಗುರಾಣಿ. ಪೆಂಬರ್ಟನ್ ಕೇಳಬೇಕಿತ್ತು ಅಷ್ಟೆ, ನೋರಾ, ಮಾತೇನು ಅಂತ, ಕೇಳಿದ್ದರೆ ಹೇಳಿಬಿಡುತ್ತಿದ್ದಳು, ಚೀಟಿಯನ್ನೇ ಕೈಗೆ ಕೊಡುತ್ತಿದ್ದಳು, ಆದರೆ ಅವನು ಕೇಳುವವನಲ್ಲ, ಅವನ ಕಣ್ಣು ಎಡಕ್ಕೆ ಹೊರಳಿತು, ಗೋಡೆಯ ಕಡೆಗೆ — ಗೋಡೆ! ಒಂದು ಕಾಲದಲ್ಲಿ ಮೂರಾಳೆತ್ತರ ಇದ್ದೀತು, ಸುತ್ತಲ ರೈತರು ಸಾವಿರ ವರ್ಷ ಕೊಟ್ಟಿಗೆಗೆ ಕಲ್ಲು ಹೊತ್ತು ಈಗ ಉಳಿದದ್ದು ಮೊಣಕಾಲುದ್ದ, ಮಗುವೂ ದಾಟುತ್ತದೆ, ಯಾರೂ ದಾಟಬಾರದು ಅಷ್ಟೆ, ಬೆಳಿಗ್ಗೆ ಇದೇ ಗೋಡೆಯ ಮೇಲೆ ಕೂತು ರೊಟ್ಟಿ ಬಿಚ್ಚಿದ ಮುದುಕನೊಬ್ಬನನ್ನು ಪೆಂಬರ್ಟನ್ನೇ ಎಬ್ಬಿಸಿ ಗದರಿಸಿದ್ದ, ಹತ್ತೊಂಬತ್ತು ಶತಮಾನದ ಕಲ್ಲು ಇದು, ನಿಮ್ಮ ಸೋಫಾ ಅಲ್ಲ. ಈಗ ಆ ಕೆಂಪು ಜುಟ್ಟು ಆ ಕಲ್ಲಿನ ಮುಂದೆ ಹೋಗಿ ನಿಂತಿದೆ, ಅಂಗಿ ಎತ್ತಿಕೊಂಡಿದೆ, ಕಾಲು ಎತ್ತಿದೆ, ಏಯ್ ನಾಯಕಾ, ಅಂತ ಹಗ್ಗದಾಚೆಯಿಂದ ಮುದುಕ ಕಿರುಚಿದ, ಬಾಯಲ್ಲಿ ರೊಟ್ಟಿ ಇಟ್ಟುಕೊಂಡೇ, ಸೋಫಾ ಅಲ್ಲ ಕಣೋ ಅದು! — ಇನ್ನೂರು ಜನರ ನಗು, ಛತ್ರಿಗಳೆಲ್ಲ ಕುಣಿದವು, ನೋರಾ ನಗಲಿಲ್ಲ, ಕಾವಲಿನಲ್ಲಿದ್ದವರು ನಗಬಾರದು, ಮಂಡಿ ನೋಯುತ್ತಿದೆ, ನೋಯಲಿ, ಈಟಿ ಅಡ್ಡ ಇದೆ, ಇರಲಿ, ಮತ್ತೆ ಆ ಕಾಲು, ಕೆಳಗೂ ಇಳಿಯದು, ಆಚೆಗೂ ಹೋಗದು, ಗುರಾಣಿಗಳೆಲ್ಲ ನೆಲದ ಮೇಲೆ, ಹಿಂದೆ ಬರುವವರು ಯಾರೂ ಇಲ್ಲ ಎಂದು ಅವನಿಗೂ ತಿಳಿದಿದೆ, ದಾಟು, ಧೈರ್ಯ ಇದ್ದರೆ ದಾಟು, ಇಲ್ಲವೇ ಬಂದು ಕೇಳು, ನಾನು ಇಲ್ಲೇ ಇರುತ್ತೇನೆ, ಹತ್ತು ಗಂಟೆಯವರೆಗೆ, ಹನ್ನೊಂದರವರೆಗೆ, ಕತ್ತಲಾಗುವವರೆಗೆ — ಆ ಕಾಲು, ಚಪ್ಪಲಿಯ ಅಡಿಯ ಮೊಳೆಗಳನ್ನು ಒಂದೊಂದಾಗಿ ಎಣಿಸಬಹುದು, ಒಂದು ಮೊಳೆ ಇಲ್ಲ, ಅದರ ತೂತಿನಿಂದ ಕೆಸರುನೀರು ತೊಟ್ಟಿಕ್ಕುತ್ತಿದೆ, ಕಲ್ಲಿನ ಮೇಲೆ, ಕಲ್ಲಿಗೆ ಒಂದು ಗೇಣು ಮೇಲೆ, ಗಾಳಿಯಲ್ಲಿ, ಇನ್ನೂ ಹಾಗೇ, ಆ ಕಾಲು…